ಒಂದೇ ದಿನದಲ್ಲಿ ಎದ್ದ ಗೋಡೆ

ಗುಂಡು ಮೇಸ್ತ್ರಿ ಎಂಬ ಹೆಸರು ಕೇಳಿ ದಪ್ಪನೆಯ ಆಸಾಮಿಯನ್ನು ನಿರೀಕ್ಷಿಸಿದವರು ಮೋಸಹೋಗುತ್ತಾರೆ. ಬರುವವನು ಊದಿದರೆ ಹಾರಿಹೋಗುವಂಥ ಸಣಕಲು ಮನುಷ್ಯ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ನೂಲಿಗೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ಗುಂಡು ಸದಾ ಅವನ ಜೇಬಿನಲ್ಲಿರುತ್ತದೆ. ಹೆಸರು ಬಂದದ್ದು ಅದರಿಂದ. ಆ ಭಾರಕ್ಕೆ ಅವನ ಅಂಗಿಗಳೆಲ್ಲ ಒಂದು ಕಡೆಗೆ ಜೋತುಬಿದ್ದಿವೆ. ಊರಿನ ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿ ತಾವು ಮಾತ್ರ ಓರೆಯಾಗಿ ಓಡಾಡುತ್ತಾರೆ ಎಂದು ಹೆಂಡತಿ ಛೇಡಿಸುತ್ತಾಳೆ.

ಮೂವತ್ತು ವರ್ಷ ಕಂಡವರ ಮನೆ ಕಟ್ಟಿದವನಿಗೆ ಐವತ್ತೆರಡಾದರೂ ಸ್ವಂತ ಸೂರಿರಲಿಲ್ಲ. ಹೆಂಡತಿ ಶಾಲಾ ಸಮವಸ್ತ್ರ ಹೊಲಿಯುವವಳು. ಬಾಡಿಗೆ ಮನೆಯಲ್ಲಿ ಅವಳ ಹೊಲಿಗೆ ಯಂತ್ರ ಮಂಚಕ್ಕೆ ಒತ್ತಿಕೊಂಡೇ ಇತ್ತು. ಅವಳು ಹೊಲಿಯಲು ಕೂತರೆ ಅವನಿಗೆ ನಿದ್ದೆಯಿಲ್ಲ, ಅವನು ಮಲಗಿದರೆ ಅವಳ ಕೆಲಸ ಸಾಗದು. ಇಬ್ಬರೂ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದು ಕೊನೆಗೂ ಒಂದು ಮನೆಗಾಗುವಷ್ಟಾದಾಗ, ಒಂದೇ ಬೀದಿಯಲ್ಲಿ ಎರಡು ಮನೆಗಳು ಮಾರಾಟಕ್ಕೆ ಬಂದವು. ಒಂದು ಮರದ್ದು, ಇನ್ನೊಂದು ಇಟ್ಟಿಗೆಯದು.

ಮರದ ಮನೆಯ ಪರ ವಕಾಲತ್ತು ವಹಿಸಿದವನು ಹೆಂಡತಿಯ ತಮ್ಮ. ಅವನು ಬಡಗಿ. ಭಾವ ಭಾಮೈದ ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಭಾಮೈದ ತೊಲೆ ತೊಲೆಯನ್ನೂ ಸವರಿ ತೋರಿಸಿದ, ಒಂದು ಮೊಳೆಯಿಲ್ಲದೆ ಕೂಡಿಸಿದ ಕೀಲುಗಳನ್ನು ತೋರಿಸಿದ. ಹೆಂಡತಿ ಚಪ್ಪಲಿ ಬಿಟ್ಟು ಹಲಗೆ ನೆಲದ ಮೇಲೆ ನಡೆದು, ಕಾಲಿಗೆ ಬೆಚ್ಚಗಿದೆ ಎಂದಳು. ಮೇಸ್ತ್ರಿ ಮಾತ್ರ ಮೂಗು ಮುರಿದ. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು.

"ಮೆಟ್ಟಿಲು ಕಿರುಗುಟ್ಟುತ್ತೆ ಕಣೋ. ನೀರು ಕುಡಿಯೋಕೆ ಎದ್ರೂ ಬೀದಿಗೆಲ್ಲ ಗೊತ್ತಾಗುತ್ತೆ."

"ಕಳ್ಳ ಬಂದ್ರೂ ಗೊತ್ತಾಗುತ್ತಲ್ಲ ಭಾವ."

"ಕಳ್ಳ ಯಾಕೆ ಬರ್ತಾನೆ? ಅಷ್ಟರಲ್ಲಿ ಗೆದ್ದಲು ಎಲ್ಲಾ ತಿಂದಿರುತ್ತೆ."

ಇಟ್ಟಿಗೆ ಮನೆ ಬೀದಿಯ ಆ ತುದಿಯಲ್ಲಿತ್ತು. ಅಂಚೆ ಕಚೇರಿಯ ಗುಮಾಸ್ತರೊಬ್ಬರು ವರ್ಗವಾದ್ದರಿಂದ ಮಾರುತ್ತಿದ್ದರು. ಮುಂದೆ ಹೊಸದಾಗಿ ಎಳೆದ ಜಗಲಿ, ಒಳಗೆ ದಪ್ಪಗೆ ಬಳಿದ ಬಣ್ಣ. ಮೇಸ್ತ್ರಿ ಗೆಣ್ಣಿನಿಂದ ಗೋಡೆ ಗೋಡೆ ತಟ್ಟುತ್ತಾ, ಭಾಮೈದನ ಕಡೆ ನೋಡಿ ಮೀಸೆಯಲ್ಲೇ ನಗುತ್ತಾ ಹಿಂದಿನ ಕೋಣೆಗೆ ಬಂದ. ಅಲ್ಲಿ ಗೋಡೆಗೆ ತಾಗಿಸಿದ ಕಬ್ಬಿಣದ ಮಂಚದಲ್ಲಿ ಗುಮಾಸ್ತರ ವಯಸ್ಸಾದ ತಾಯಿ ಕೂತು ಪತ್ರಿಕೆ ಓದುತ್ತಿದ್ದರು.

"ಈ ಗೋಡೆಗೊಂದು ಕಥೆ ಇದೆ," ಎಂದರು ಗುಮಾಸ್ತರು. "ಇಪ್ಪತ್ತೆಂಟು ವರ್ಷದ ಹಿಂದೆ ಒಬ್ಬ ಚಿಗುರು ಮೀಸೆ ಹುಡುಗ ಇದನ್ನ ಒಂದೇ ದಿನದಲ್ಲಿ ಎತ್ತಿದ್ನಂತೆ. ನಮ್ಮಪ್ಪ ಬಂದೋರಿಗೆಲ್ಲ ಹೇಳೋರು."

ಹೆಂಡತಿಯ ಮುಖ ಅರಳಿತು. ಆ ಕಥೆ ಅವಳಿಗೆ ಬಾಯಿಪಾಠ. ಹಿರಿಯ ಮೇಸ್ತ್ರಿಗಳು ನಾಲ್ಕು ದಿನ ಬೇಕೆಂದಾಗ ಇವನು ಪಂಥ ಕಟ್ಟಿ, ಬೆಳಗ್ಗೆ ಹಿಡಿದ ಕರಣೆಯನ್ನು ಸಂಜೆ ಕೆಳಗಿಟ್ಟಿದ್ದು, ಅಂದಿನಿಂದ ಜನ ಇವನನ್ನು ಮೇಸ್ತ್ರಿ ಎಂದು ಕರೆದದ್ದು, ಎಲ್ಲವನ್ನೂ ಅವಳು ಮದುವೆಯಾದಾಗಿನಿಂದ ನೆಂಟರಿಷ್ಟರ ಮುಂದೆ ಹೇಳಿಕೊಂಡು ಬಂದಿದ್ದಾಳೆ.

"ಆ ಹುಡುಗ ಇವರೇ," ಎಂದಳು. "ರೀ, ನಿಮ್ಮ ಗೋಡೆ ನಿಮಗೇ ಗುರುತು ಸಿಗಲಿಲ್ವಾ?"

ಮನೆಯ ಮುಖ ಬದಲಾಗಿತ್ತು, ಸುತ್ತಲಿನ ಬಯಲು ಬೀದಿಯಾಗಿತ್ತು, ಗುರುತು ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಯ ಕೈ ಜೇಬಿಗೆ ಹೋಯಿತು. ಹಿತ್ತಲು ನೋಡಿ ಬರುತ್ತೇನೆಂದು ಹೊರಗೆ ಹೋಗಿ, ಏಣಿಯೊಂದನ್ನು ಒರಗಿಸಿ ಹತ್ತಿ, ಗೋಡೆಯ ನೆತ್ತಿಯಿಂದ ನೂಲು ಇಳಿಬಿಟ್ಟ. ನೂಲು ಗೋಡೆಯ ನಡುಭಾಗಕ್ಕೆ ತಾಗಿ, ಬುಡದಲ್ಲಿ ಎರಡು ಬೆರಳು ದೂರ ನಿಂತಿತು. ಗೋಡೆಗೆ ಹೊಟ್ಟೆ ಬಂದಿತ್ತು.

ಕಾರಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ದಪ್ಪ ಗೋಡೆಯೆಂದರೆ ಒಳಗೊಂದು ಹೊರಗೊಂದು ಇಟ್ಟಿಗೆಯ ಸಾಲು. ಅವೆರಡನ್ನೂ ಬಿಗಿಹಿಡಿಯಲು ನಡುನಡುವೆ ಅಡ್ಡ ಇಟ್ಟಿಗೆ ಕೂರಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಪಂಥದ ದಿನ ಅವನು ಒಂದೇ ಒಂದು ಅಡ್ಡ ಇಟ್ಟಿಗೆ ಇಟ್ಟಿರಲಿಲ್ಲ. ನಡುವಿಗೆ ಚೂರುಪಾರು ಸುರಿದು, ನೀರು ಗಾರೆ ಹೊಯ್ದು, ಯಾರಿಗೆ ಕಾಣುತ್ತೆ ಎಂದುಕೊಂಡಿದ್ದ. ಆಮೇಲೆ ಕಟ್ಟಿದ ಒಂದು ಗೋಡೆಯಲ್ಲೂ ಹಾಗೆ ಮಾಡಲಿಲ್ಲ, ಅದೂ ನಿಜ. ಆದರೆ ಹೆಸರು ಬಂದದ್ದು ಈ ಗೋಡೆಯಿಂದ.

ಒಳಗೆ ಮಾತು ಮುಗಿದೇಹೋಗಿತ್ತು. ಭಾಮೈದ ಸೋಲೊಪ್ಪಿಕೊಂಡಿದ್ದ. ನಾಳೆ ಮುಂಗಡ ಕೊಡುವುದೆಂದು ಹೆಂಡತಿ ಒಪ್ಪಿಕೊಂಡಾಗಿತ್ತು. ದಾರಿಯುದ್ದಕ್ಕೂ ಅವಳದು ಒಂದೇ ಮಾತು, ಹೊಲಿಗೆ ಯಂತ್ರವನ್ನು ಆ ಗೋಡೆಯ ಪಕ್ಕದಲ್ಲೇ ಇಡುತ್ತೇನೆಂದು. ಮೇಸ್ತ್ರಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮನೆಗೆ ಬಂದು ಚಹಾ ಕುಡಿಯುವಾಗ ಅವನು ಒಂದು ಉಪಾಯ ಹೂಡಿದ.

"ಆ ಮರದ ಮನೇನೂ ಪರವಾಗಿಲ್ಲ," ಎಂದ. "ಕೀಲೆಲ್ಲ ಅಚ್ಚುಕಟ್ಟಾಗಿದೆ."

ಭಾಮೈದ ಲೋಟ ಕೆಳಗಿಟ್ಟು ಭಾವನ ಹಣೆ ಮುಟ್ಟಿ ನೋಡಿದ. "ಅಕ್ಕ, ಜ್ವರ ಏನಿಲ್ಲ."

ಹೆಂಡತಿ ನಗಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಒಂದು ಮರದ ಕುರ್ಚಿಯನ್ನೂ ಹೊಗಳದ ಗಂಡ ಇವನು.

"ಏನು ನೋಡಿದ್ರಿ ಹಿತ್ತಲಲ್ಲಿ?" ಎಂದು ಕೇಳಿದಳು.

ಹೇಳಿದ. ತಲೆ ತಗ್ಗಿಸಿ, ಪಂಥ, ಅಡ್ಡ ಇಟ್ಟಿಗೆ, ನೀರು ಗಾರೆ, ಒಂದೂ ಬಿಡದೆ ಹೇಳಿದ. ಅವಳ ಕಣ್ಣಲ್ಲಿ ನೀರಾಡಿತು, ಸಿಟ್ಟಿಗೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ.

"ಇಷ್ಟು ವರ್ಷ ನನ್ನ ಕೈಲೂ ಆ ಸುಳ್ಳು ಹೇಳಿಸಿದ್ರಲ್ಲ," ಎಂದಳು. "ನಾನು ಎಷ್ಟು ಜಂಬದಿಂದ ಹೇಳ್ತಿದ್ದೆ."

"ನೀನು ಹೇಳೋವಾಗ ಚೆನ್ನಾಗಿರ್ತಿತ್ತು," ಎಂದ ಮೇಸ್ತ್ರಿ. "ನಂಗೇ ನಿಜ ಅನ್ನಿಸ್ತಿತ್ತು."

ಭಾಮೈದನಿಗೆ ಗೆಲುವಿನ ಅವಕಾಶ ಕೈಗೇ ಬಂದಿತ್ತು. ಪುಣ್ಯಾತ್ಮ ತುಟಿ ಬಿಚ್ಚಲಿಲ್ಲ. ಅಕ್ಕ ಮುಖ ತೊಳೆದುಕೊಂಡು ಬಂದಳು.

"ಬೇರೆ ಯಾವ ಮನೆ ತಗೊಂಡ್ರೂ ಹುಳುಕು ಎಲ್ಲಿದೆ ಅಂತ ಹುಡುಕ್ತಾ ಇರಬೇಕು," ಎಂದಳು. "ಇದ್ರದ್ದು ಗೊತ್ತು, ಮಾಡಿದವ್ರೂ ಗೊತ್ತು. ಗೋಡೆ ಕೆಡವಿ ಕಟ್ಟೋರು ಮನೇಲೇ ಇದಾರೆ. ಅಲ್ಲೀವರೆಗೂ ಸೂರಿಗೆ ಮರದ ಆಸರೆ ಕೊಡೋಕೆ ತಮ್ಮ ಇದಾನೆ. ನಂಗೆ ಅದೇ ಮನೆ ಆಗ್ಬೇಕು. ಆದ್ರೆ ಈಗ ಏಳಿ. ಆ ಅಮ್ಮ ಇವತ್ತೂ ಆ ಗೋಡೆ ಪಕ್ಕ ಮಲಗ್ತಾರೆ."

"ನಾಳೆ ಹೇಳಿದ್ರಾಗಲ್ವಾ?"

"ನಾಳೆ ನಾಳೆ ಅಂತಾನೇ ಇಪ್ಪತ್ತೆಂಟು ವರ್ಷ ಆಗಿದೆ."

ಇನ್ನೂ ಬಿಸಿಲಿತ್ತು. ಮೂವರೂ ಮತ್ತೆ ಆ ಬೀದಿಗೆ ನಡೆದರು. ಮುಂಗಡ ಇವತ್ತೇ ತಂದಿರಬೇಕೆಂದು ಗುಮಾಸ್ತರು ನಗುತ್ತಾ ಬಾಗಿಲು ತೆಗೆದರು. ಮೇಸ್ತ್ರಿ ಕೂರಲಿಲ್ಲ, ನೇರ ಹಿಂದಿನ ಕೋಣೆಗೆ ಹೋಗಿ ನಿಂತ.

"ಈ ಗೋಡೆ ನಾನು ಸರಿಯಾಗಿ ಕಟ್ಟಿಲ್ಲ," ಎಂದ. "ಒಳಗೆ ಹಿಡಿತ ಇಲ್ಲ. ಈಗ ಉಬ್ಬಿದೆ. ಕೆಡವಿ ನಾನೇ ಕಟ್ಟಿಕೊಡ್ತೀನಿ. ಅಲ್ಲೀವರೆಗೂ ಅಮ್ಮ ಇಲ್ಲಿ ಮಲಗೋದು ಬೇಡ."

ಗುಮಾಸ್ತರು ಗೋಡೆ ನೋಡಿದರು, ಮೇಸ್ತ್ರಿಯನ್ನು ನೋಡಿದರು. "ಹಾಗಾದ್ರೆ ಮನೆ ನಿಮಗೆ ಬೇಡ ಅಂತಾನಾ?"

"ಬೇಕು," ಎಂದಳು ಹೆಂಡತಿ. "ಇದನ್ನ ಕೇಳಿದ ಮೇಲೂ ನೀವು ಕೊಟ್ರೆ."

"ತಗೊಳ್ಳೋರೇ ಬಂದು ಹುಳುಕು ಹೇಳಿದ್ಮೇಲೆ ಇನ್ಯಾರಿಗೆ ಕೊಡ್ಲಿ," ಎಂದು ಗುಮಾಸ್ತರು ನಿಟ್ಟುಸಿರಿಟ್ಟರು.

ಮಂಚದ ಮೇಲಿದ್ದ ತಾಯಿ ಕನ್ನಡಕ ತೆಗೆದು ಪತ್ರಿಕೆಯ ಮೇಲಿಟ್ಟರು.

"ನಮ್ಮೆಜಮಾನ್ರು ಕಣ್ಣು ಮುಚ್ಚೋವರೆಗೂ ನಿನ್ನ ಹೊಗಳಿದ್ರು," ಎಂದರು. "ಇದು ನಿಂಗೆ ಯಾವಾಗ ಗೊತ್ತಾಯ್ತಪ್ಪ?"

ಇವತ್ತು ಎನ್ನಬಹುದಿತ್ತು. ನೂಲು ಇಳಿಬಿಟ್ಟದ್ದು ಇವತ್ತೇ ತಾನೇ. ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಕಟ್ಟಿದ ದಿನವೇ ಗೊತ್ತಿತ್ತಮ್ಮ," ಎಂದ.

ಗುಮಾಸ್ತರು ತಾಯಿಯ ಕೈಹಿಡಿದು ಎಬ್ಬಿಸಿದರು. ಹೆಂಡತಿ ಬಗ್ಗಿ ಮಂಚದ ಒಂದು ತುದಿ ಹಿಡಿದು, "ಆ ಕಡೆ ಹಿಡ್ಕೊಳ್ಳಿ," ಎಂದಳು. ಮೇಸ್ತ್ರಿ ಹಿಡಿದುಕೊಂಡ.