ಪಾಪೆ ಮಾಮ ಮಾಡುವ ಕಣ್ಣುಗಳು

ಬೀದಿದೀಪ ಇನ್ನೂ ಆರಿಲ್ಲ. ಕಣ್ಣಾಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದೇ ಒಂದು ಕಿಟಕಿ ತೆರೆದಿದೆ. ಅದರ ಪಕ್ಕ ಪಾಪೆ ಮಾಮ ಕೂದಲೆಳೆಯಂಥ ಕುಂಚ ಹಿಡಿದು, ಎದುರಿಗೆ ಕೂತ ಟೈಲರಮ್ಮನ ಬಲಗಣ್ಣನ್ನೇ ನೋಡುತ್ತಿದ್ದಾರೆ. ಆಕೆಯ ಎಡಗಣ್ಣು ಹೊಲಿಗೆ ಮೆಷಿನ್ನಿನ ಸೂಜಿ ಮುರಿದು ಸಿಡಿದಾಗ ಹೋಯಿತು. ಮಾಮ ಈಗ ಮಾಡುತ್ತಿರುವುದು ಅದನ್ನೇ.

"ಉಸಿರಾಡಮ್ಮ ತಾಯಿ, ನಾನೇನು ಫೋಟೋ ತೆಗೀತಿಲ್ಲ," ಎನ್ನುತ್ತಾರೆ.

ಟೈಲರಮ್ಮನಿಗೆ ನಗು ಬರುವುದಿಲ್ಲ. ಬೇರೆ ಕಡೆ ಮಾಡಿಸಿದ ಕೃತಕ ಕಣ್ಣು ಆಕೆಯ ಬಳಿ ಆಗಲೇ ಒಂದಿದೆ. "ಹಗಲಲ್ಲಿ ಚೆನ್ನಾಗೇ ಕಾಣುತ್ತೆ ಮಾಮ. ಸಂಜೆ ಆಯ್ತು ಅಂದ್ರೆ ಮಗಳು ನನ್ನ ಮುಖ ನೋಡಲ್ಲ. ಎತ್ಕೊಂಡ್ರೆ ಕಿಟಾರನೆ ಕಿರುಚ್ತಾಳೆ. ಹೆತ್ತವಳಿಗೆ ಇದಕ್ಕಿಂತ ಬೇರೆ ಶಿಕ್ಷೆ ಬೇಕಾ ಹೇಳಿ?"

ಕಾರಣ ಮಾಮನಿಗೆ ನೋಡಿದ ಕೂಡಲೇ ಹೊಳೆದಿತ್ತು. "ದೊಡ್ಡ ದೀಪದ ಕೆಳಗೆ ಕೂರಿಸಿ ಬರೆದಿದ್ದಾರೆ. ಆ ಬೆಳಕಲ್ಲಿ ಕಣ್ಣಪಾಪೆ ಸಾಸಿವೆಯಷ್ಟಾಗುತ್ತೆ. ಸಂಜೆ ನಿಜವಾದ ಕಣ್ಣಿಂದು ಅರಳುತ್ತೆ, ಬರೆದದ್ದು ಅರಳುತ್ತಾ? ಒಂದು ದೊಡ್ಡದು, ಒಂದು ಚಿಕ್ಕದು. ಮಗು ಹೆದರದೆ ಇರುತ್ತಾ!" ಅದಕ್ಕೇ ಅವರು ಪಾಪೆ ಬರೆಯುವುದು ನಸುಕಿನಲ್ಲಿ ಮಾತ್ರ. ಆಗ ಅದು ಹಿಗ್ಗಿಯೂ ಇರುವುದಿಲ್ಲ, ಕುಗ್ಗಿಯೂ ಇರುವುದಿಲ್ಲ.

ಕುಂಚ ಕೆಳಗಿಟ್ಟರೆ ಮಾತು ಶುರು. ಅಬ್ಬಾ, ಹಿಡಿದು ನಿಲ್ಲಿಸುವಂತಿಲ್ಲ! ಈ ಕೆಲಸ ಕಲಿಸಿದ ಹಳೆಯ ಡಾಕ್ಟರು ಅವರಿಗೊಂದು ಲ್ಯಾಟಿನ್ ಪದವನ್ನೂ ಕೊಟ್ಟು ಹೋಗಿದ್ದಾರೆ: ಪೂಪಿಲ್ಲಾ. ಅಂದರೆ ಪುಟ್ಟ ಹುಡುಗಿ, ಗೊಂಬೆ. ಇಂಗ್ಲಿಷಿನ ಪ್ಯೂಪಿಲ್ ಬಂದದ್ದು ಅಲ್ಲಿಂದಲೇ. ನಮ್ಮ ಪಾಪೆಯೂ ಗೊಂಬೆಯೇ. ಅಂದಿನಿಂದ, ಬೇರೆ ಭಾಷೆಯವರು ಯಾರೇ ಬರಲಿ, "ನಿಮ್ಮಲ್ಲಿ ಇದಕ್ಕೇನಂತಾರೆ?" ಎಂದು ಕೇಳದೆ ಮಾಮ ಬಿಡುವುದಿಲ್ಲ. ಸಂಸ್ಕೃತದ ಮೇಷ್ಟ್ರು ಕನೀನಿಕೆ ಎಂದರು, ಅದೂ ಹುಡುಗಿಯೇ. ಹಿಂದಿಯ ಲಾರಿ ಡ್ರೈವರು ಪುತಲಿ ಎಂದ, ಮತ್ತೆ ಗೊಂಬೆ. ಅರಬ್ಬಿ ಬಲ್ಲ ವ್ಯಾಪಾರಿ 'ಕಣ್ಣಿನ ಮನುಷ್ಯ' ಎಂದ.

"ಒಬ್ಬರನ್ನೊಬ್ಬರು ಕೇಳ್ಕೊಂಡು ಇಟ್ಟ ಹೆಸರಾ ಇವೆಲ್ಲ? ಹತ್ತಿರ ಕೂತು ಯಾರ ಕಣ್ಣಲ್ಲಿ ಇಣುಕಿದ್ರೂ ಅಲ್ಲಿ ನಾವೇ ಪುಟ್ಟದಾಗಿ ಕಾಣ್ತೀವಿ. ಎಲ್ಲಾ ದೇಶದಲ್ಲೂ ಯಾರೋ ಯಾರದೋ ಹತ್ತಿರ ಕೂತಿದ್ರು, ಅಷ್ಟೇ," ಎನ್ನುತ್ತಾರೆ ಮಾಮ.

ಮಾಮನ ಹತ್ತಿರ ಕೂರುವವರು ಯಾರೂ ಇಲ್ಲ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂಟಿ. ಕಣ್ಣು ಮಾಡಿಸಿಕೊಂಡವರು ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಮಾತಾಡಿಸಿದರೆ ಜೊತೆಗಿದ್ದವರು "ಯಾರದು?" ಎಂದು ಕೇಳುತ್ತಾರಲ್ಲ, ಗುಟ್ಟು ರಟ್ಟಾಗುತ್ತದೆ! "ಮದುಮಗನ ಕಣ್ಣು ಮಾಡಿಕೊಟ್ಟೆ, ಮದುವೆ ಊಟಕ್ಕೆ ಮಾತ್ರ ಕರೀಲಿಲ್ಲ," ಎಂದು ಮಾಮ ನಗುತ್ತಾರೆ.

ವಾರ ಕಳೆದು ಒಂದು ಸಂಜೆ ಟೈಲರಮ್ಮ ಮಗಳ ಜೊತೆ ಬಂದಿದ್ದಾಳೆ. ಮಾಮ ಹೊಸ ಕಣ್ಣು ಕೂರಿಸಿ, ಬೇಕೆಂದೇ ದೀಪ ಹಾಕದೆ ಬಿಡುತ್ತಾರೆ. ಕೋಣೆ ಮಬ್ಬಾಗುತ್ತದೆ. ಮಗು ಬಾಗಿಲಿಗೆ ಅಂಟಿಕೊಂಡು ನಿಂತಿದೆ. ತಾಯಿ ಕರೆಯುವುದಿಲ್ಲ, ಕರೆಯಲು ಧೈರ್ಯವೇ ಇಲ್ಲ. ಮಗು ಒಂದೊಂದೇ ಹೆಜ್ಜೆ ಇಟ್ಟು ಬಂದು, ಅಮ್ಮನ ಮೊಣಕಾಲು ಹಿಡಿದು, ಮುಖ ಎತ್ತಿ ನೋಡುತ್ತದೆ. ಆಮೇಲೆ ತೊಡೆ ಹತ್ತಿ ಕೂತು, "ಅಮ್ಮಾ, ಹಸಿವು," ಎನ್ನುತ್ತದೆ. ಟೈಲರಮ್ಮ ಬಿಕ್ಕಿ ಬಿಕ್ಕಿ ಅಳುತ್ತಾಳೆ.

ಹೊರಡುವಾಗ ಆಕೆ, "ಎಲ್ಲೇ ಸಿಕ್ಕಿದ್ರೂ ಮಾತಾಡಿಸ್ತೀನಿ ಮಾಮ," ಎನ್ನುತ್ತಾಳೆ.

"ಬೇಡಮ್ಮ. ನನ್ನ ಗುರುತು ನಿನಗೆ ಬೇಡ. ಸುಮ್ಮನೆ ಹೋಗ್ತಾ ಇರು."

ಅವರು ಓಣಿ ದಾಟುವವರೆಗೂ ಮಾಮ ಬಾಗಿಲಲ್ಲೇ ನಿಂತಿರುತ್ತಾರೆ. ಯಾರಾದರೊಬ್ಬರು ಮಾತಾಡಿಸಲಿ ಎಂಬ ಆಸೆ ಇಲ್ಲವೇ ಎಂದು ನಾವು ಕೇಳಿದರೆ, ಒಳಗೆ ಬಂದು ದೀಪ ಹಾಕುತ್ತಾರೆ.

"ಇಲ್ದೆ ಏನು, ಇದೆ. ಆದ್ರೆ ನನ್ನ ಮಾತಾಡಿಸದೆ ಹೋಗೋರು ಈ ಊರಲ್ಲಿ ಎಷ್ಟು ಜನ ಇದ್ದಾರೆ ಗೊತ್ತಾ? ಅಷ್ಟೂ ಜನ ನನ್ನೋರೇ."