ಬಲಕ್ಕೆ ಹೋಗದ ಕರು

ಪ್ರೋಗ್ರಾಮಿನ ಒಂದೊಂದು ಕೆಲಸಕ್ಕೂ, ಅಂದರೆ ಫಂಕ್ಷನ್ನಿಗೂ, ಹೆಸರನ್ನು ನಿಮ್ಮ ನಿಮ್ಮ ಮನೆಮಾತಿನಲ್ಲೇ ಇಡಿ, ಅಕ್ಷರ ಮಾತ್ರ ಇಂಗ್ಲಿಷ್ ಇರಲಿ ಎಂದು ಹೇಳಿದವಳು ನಾನೇ. ಹಾಸನದಿಂದ ಚಿಂತಾಮಣಿಯ ಕಾಲೇಜಿಗೆ ವೆಬ್ ಪ್ರೋಗ್ರಾಮಿಂಗ್ ಕಲಿಸಲು ಬಂದ ಹೊಸತು. ಪಾಠಕ್ಕೆ ತೂಕಡಿಸುತ್ತಿದ್ದವರನ್ನು ಎಬ್ಬಿಸಲು, ಇಬ್ಬಿಬ್ಬರು ಸೇರಿ ಬ್ರೌಸರಿನಲ್ಲಿ ಆಡುವ ಸಣ್ಣ ಆಟ ಮಾಡಿ ಎಂದಿದ್ದೆ.

ಮುಂದಿನ ಬೆಂಚಿನ ಗೆಳತಿಯರಲ್ಲಿ ಒಬ್ಬಳು ಶಿಡ್ಲಘಟ್ಟದವಳು, ಮನೆಯಲ್ಲಿ ಕನ್ನಡ. ಇನ್ನೊಬ್ಬಳು ಕೈವಾರದವಳು, ಮನೆಯಲ್ಲಿ ತೆಲುಗು. ಅವರದು ಕರುವಿನ ಆಟ. ಬೇಲಿಗೆ ತಾಗದಂತೆ ಕರುವನ್ನು ಓಡಿಸಿ ತೊಟ್ಟಿಯ ನೀರು ಕುಡಿಸಬೇಕು. ಓಡಿಸುವ ಭಾಗ ಕೈವಾರದವಳದು, ಬೇಲಿ ಮತ್ತು ನೀರು ಶಿಡ್ಲಘಟ್ಟದವಳದು. ಬೇರೆಬೇರೆಯಾಗಿ ಎರಡೂ ಚೆನ್ನಾಗಿದ್ದವು. ಸೇರಿಸಿದ ಮೇಲೆ ಕರುವಿಗೆ ಏನಾಯಿತೋ! ಎಡದ ಕೀ ಒತ್ತಿದರೆ ಸರಿಯಾಗಿ ಎಡಕ್ಕೆ ಹೋಗುತ್ತಿತ್ತು; ಬಲದ ಕೀ ಒತ್ತಿದರೆ ಮಾತ್ರ ತೊಟ್ಟಿ ಎಲ್ಲೋ ಇದ್ದರೂ ನಿಂತಲ್ಲೇ ನೀರು ಕುಡಿಯುತ್ತಿತ್ತು.

"ನೀನೇ ಏನೋ ಕೆಡಿಸಿದೀಯ ಕಣೇ" ಎಂದಳು ಶಿಡ್ಲಘಟ್ಟದವಳು.

"ನಂದು ನೆಟ್ಟಗೇ ಇತ್ತಮ್ಮ. ನಿಂದು ಸೇರಿಸಿದ್ಮೇಲೇ ಹಿಂಗಾಗಿದ್ದು."

ಮಾತು ಬೆಳೆದು, ಶಿಡ್ಲಘಟ್ಟದವಳು ಹಿಂದಿನ ಬೆಂಚಿಗೆ ಹೋಗಿ ಕೂತಳು. ಕೈವಾರದವಳು ನನ್ನ ಬಳಿ ಬಂದು, "ನಂಗೆ ಬೇರೆ ಜೋಡಿ ಕೊಡಿ ಮೇಡಮ್" ಎಂದಳು. ನನಗೆ ಭಯವಾಯಿತು. ಆಟ ಕಲಿಸಲು ಹೋಗಿ ಸ್ನೇಹ ಮುರಿದೆನೇ?

ಅವರ ಪ್ರೋಗ್ರಾಮನ್ನು ಓದಿದೆ, ಮತ್ತೆ ಓದಿದೆ. ತೆಲುಗು ಬಾರದ ನನಗೆ ತಲೆಬುಡ ಅರ್ಥವಾಗಲಿಲ್ಲ. ಬ್ರೌಸರಂತೂ ಒಂದು ತಪ್ಪನ್ನೂ ತೋರಿಸದು. ಕೊನೆಗೆ ಎರಡು ಕಡೆ 'ಕುಡಿ' ಎಂಬ ಫಂಕ್ಷನ್ ಕಂಡಿತು.

"ಎರಡೆರಡು ಸಲ ಯಾಕಮ್ಮ ಕುಡಿಸ್ತೀಯ?"

"ಕುಡಿಸ್ತಿಲ್ಲ ಮೇಡಮ್. ಎಡಮ, ಕುಡಿ. ಕುಡಿ ಅಂದ್ರೆ ಬಲಗಡೆ" ಎಂದಳು ಕೈವಾರದವಳು.

ತೆಲುಗಿನ ಬಲವೂ ಕನ್ನಡದ ಕುಡಿಯುವುದೂ ಒಂದೇ ಹೆಸರು ಹೊತ್ತಿದ್ದವು. ಹಾಗಾದಾಗ ಬ್ರೌಸರು ತುಟಿ ಪಿಟಕ್ಕೆನ್ನದೆ ಕೊನೆಯದನ್ನೇ, ಇಲ್ಲಿ ನೀರು ಕುಡಿಸುವುದನ್ನೇ, ಹಿಡಿಯುತ್ತದೆ.

ಅವಳ ಮುಖ ಬಾಡಿತು. "ನಂದೇ ತೆಗೀತೀನಿ ಬಿಡಿ ಮೇಡಮ್. ಮನೆ ಮಾತು ಇಲ್ಲಿಗ್ಯಾಕೆ?"

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ದನಿ ಬಂತು. "ಏ, ನಿಂದಿರ್ಲಿ ಕಣೇ. ನಾನೇ ತೆಲುಗಲ್ಲಿ ಹಾಕ್ತೀನಿ." ಶಿಡ್ಲಘಟ್ಟದವಳು ಎದ್ದು ಬಂದು, ತನ್ನ 'ಕುಡಿ'ಯನ್ನು ಅಳಿಸಿ 'ತಾಗು' ಎಂದು ಬರೆದಳು. ತೆಲುಗಿನಲ್ಲಿ ಕುಡಿಯುವುದಕ್ಕೆ ಹಾಗೆನ್ನುತ್ತಾರಂತೆ.

ಕರು ಬಲಕ್ಕೆ ಓಡಿತು. ಬೇಲಿಗೆ ಬಡಿದು ಆಟ ಮುಗಿಯಬೇಕಾದಲ್ಲಿ, ಆ ಮುಳ್ಳುಬೇಲಿಯನ್ನೇ ಗಟಗಟ ಕುಡಿಯತೊಡಗಿತು. ಬೇಲಿಗೆ ತಾಗಿದಾಗ ಏನಾಗಬೇಕು ಎಂಬ ಫಂಕ್ಷನ್ನಿಗೆ ಅವಳು ಮೊದಲೇ, ಕನ್ನಡದಲ್ಲಿ, 'ತಾಗು' ಎಂದು ಹೆಸರಿಟ್ಟು ಮರೆತಿದ್ದಳು!

ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನನಗೋ ಯಾವ ಪದ ಯಾರ ಮನೆಯದೆಂದೇ ತಿಳಿಯದೆ ತಲೆ ಗಿರ್ರೆನ್ನುತ್ತಿತ್ತು. ಟೀಚರಾಗಿ ಏನಾದರೂ ಹೇಳಬೇಕಲ್ಲ ಎಂದು, "ಬೇರೆ ಜೋಡಿ ಬೇಕು ಅಂದ್ಯಲ್ಲಮ್ಮ, ಯಾರನ್ನ ಕೊಡ್ಲಿ?" ಎಂದು ಕೇಳಿದೆ.

ಕೈವಾರದವಳು ಕಣ್ಣೊರೆಸಿಕೊಳ್ಳುತ್ತಾ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಯಾರಿಗೆ ಮೇಡಮ್?"