ಕತ್ತರಿ ಮೇಡಂ ಅವರ ಮೊದಲ ಗಂಟೆ

ಗಣಕ ವಿಜ್ಞಾನವನ್ನು ಕಲಿಸಿದವರು ನಮ್ಮ ನಡುವೆ ಅನೇಕರಿದ್ದಾರೆ. ಬುದ್ಧಿವಂತ ಯಂತ್ರಗಳ ಬಗ್ಗೆ ಪ್ರಬಂಧ ಬರೆದು ಹೆಸರು ಮಾಡಿದವರೂ ಕಡಿಮೆಯಿಲ್ಲ. ಆದರೆ ಯಂತ್ರ ತಪ್ಪಿದ ದಿನ ಅದರ ಬೆನ್ನ ಹಿಂದೆ ಅವಿತುಕೊಳ್ಳದೆ, ತುಂಬಿದ ಸಭೆಯ ಮುಂದೆ ನಿಂತು, ತಪ್ಪಿದ್ದು ನಾನು ಎಂದು ಹೇಳಿದವರು ನಾನು ಕಂಡಂತೆ ಒಬ್ಬರೇ. ಮೂರು ದಶಕಗಳಿಗೂ ಮೀರಿ ನಮ್ಮ ವಿಭಾಗದಲ್ಲಿ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಆ ಪ್ರಾಧ್ಯಾಪಕಿಯನ್ನು ನಾವೆಲ್ಲ ಮರೆಯಲ್ಲಿ 'ಕತ್ತರಿ ಮೇಡಂ' ಎಂದೇ ಕರೆಯುತ್ತ ಬಂದಿದ್ದೇವೆ. ಈ ಹೆಸರು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರ ಹಾಗೆ ಇರುವುದು ಅವರು ನಮಗೆ ತೋರಿದ ದಯೆಗಳಲ್ಲಿ ಒಂದು.

ಅವರಿಗಾಗಿ ತರುತ್ತಿರುವ ಈ ಅಭಿನಂದನ ಸಂಪುಟ ಬಿಡುಗಡೆಯಾಗುವುದು ಮುಂದಿನ ತಿಂಗಳು ನಮ್ಮಲ್ಲಿ ನಡೆಯಲಿರುವ ಸಮ್ಮೇಳನದಲ್ಲಿ. ಮೊದಲು ಒಂದು ವಾರ ಯುವ ಅಧ್ಯಾಪಕರಿಗೆ ತರಬೇತಿ, ಆಮೇಲೆ ಪ್ರಬಂಧಗಳ ಮಂಡನೆ, ಚರ್ಚೆ, ಗುಂಪಿನ ಫೋಟೊ. ಇದರ ಸಂಚಾಲಕನ ಹೊಣೆ ಈ ಸಲ ನನ್ನ ಹೆಗಲಿಗೆ ಬಿದ್ದಿದೆ. ತರಬೇತಿಯ ಮೊದಲ ಗಂಟೆ ಅನೇಕ ವರ್ಷಗಳಿಂದ ಮೇಡಂ ಅವರದು. ಅವರು ಹೋದ ಮೇಲೆ ಆ ಗಂಟೆ ಉಳಿಯಬೇಕೇ ಬೇಡವೇ ಎಂಬುದೇ ಕಳೆದ ಕೆಲವು ತಿಂಗಳಲ್ಲಿ ನಮ್ಮ ವಿಭಾಗದ ಜಗಳ. ಅಭಿನಂದನ ಲೇಖನದಲ್ಲಿ ಜಗಳದ ಮಾತು ಬೇಡವೆಂದು ಸಂಪಾದಕರು ನನಗೆ ಮೆತ್ತಗೆ ಸೂಚಿಸಿದ್ದಾರೆ. ಜಗಳವನ್ನು ಬಿಟ್ಟು ಮೇಡಂ ಅವರನ್ನು ಅಭಿನಂದಿಸುವ ದಾರಿ ನನಗಂತೂ ಹೊಳೆಯಲಿಲ್ಲ.

ಅವರು ಸೇವೆಗೆ ಸೇರಿದಾಗ ವಿಭಾಗವೆಂದರೆ ಒಂದೇ ಉದ್ದನೆಯ ಕೋಣೆ. ಕಿಟಕಿಗಳಿಗೆ ದಪ್ಪ ಪರದೆ, ಒಳಗೆ ಗುಂಯ್ಗುಡುವ ಕೆಲವು ಗಣಕಗಳು, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ. ಗಣಕವನ್ನು ಹತ್ತಿರದಿಂದ ಕಂಡೇ ಇರದ ಶಾಲಾ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸವನ್ನು, ಬೇರೆಯವರೆಲ್ಲ ಮೂಗು ಮುರಿದದ್ದರಿಂದ, ಹೊಸಬರಾದ ಅವರಿಗೆ ಅಂಟಿಸಲಾಯಿತು. ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಶಿಕ್ಷಕರು, ಮುಟ್ಟಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಹೆದರಿಕೆಯಿಂದ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಕುಳಿತಿದ್ದರಂತೆ. ಮೇಡಂ ಆ ಶಿಕ್ಷಕರ ಪಕ್ಕಕ್ಕೆ ಹೋಗಿ, ಓಡುತ್ತಿದ್ದ ಗಣಕದ ವೈರನ್ನು ಗೋಡೆಯಿಂದ ಕಿತ್ತು, ಮತ್ತೆ ಚುಚ್ಚಿ, "ನೋಡಿ ಸರ್, ಸಾಯಲ್ಲ ಇದು. ಇದಕ್ಕೆ ಹೆದರ್ಬೇಡಿ" ಎಂದರಂತೆ. ಇಡೀ ಕೋಣೆ ನಕ್ಕಿತು, ಒಬ್ಬನನ್ನು ಬಿಟ್ಟು. ಆತ ಪ್ರಯೋಗಾಲಯದ ವಿದ್ಯುತ್ ಕೆಲಸ ನೋಡಿಕೊಳ್ಳುತ್ತಿದ್ದ ನೌಕರ, ನಮ್ಮೆಲ್ಲರ ಫ್ಯೂಸಣ್ಣ. "ವೈರ್ ಹಾಗೆ ಕೀಳ್ಬಾರ್ದು ಮೇಡಂ" ಎಂದು ಆತ ಎಲ್ಲರ ಮುಂದೆಯೇ ಗದರಿದನಂತೆ. ಅವರಿಬ್ಬರ ಸ್ನೇಹ ಶುರುವಾದದ್ದು ಆ ಗದರಿಕೆಯಿಂದ.

ಕತ್ತರಿ ಎಂಬ ಹೆಸರು ಬಂದದ್ದು ಪ್ರಬಂಧಗಳಿಂದ. ಸಮ್ಮೇಳನಕ್ಕೆ ಬರುವ ಪ್ರಬಂಧಗಳನ್ನು ಅವರು ಓದಿ ತಿದ್ದುತ್ತಿದ್ದರು. 'ಅತ್ಯಂತ ನಿಖರ'ದಲ್ಲಿ ಅತ್ಯಂತ ಹಾರಿಹೋಗುತ್ತಿತ್ತು, 'ಕ್ರಾಂತಿಕಾರಿ ವಿಧಾನ'ದಲ್ಲಿ ಕ್ರಾಂತಿ ಮಣ್ಣುಪಾಲಾಗುತ್ತಿತ್ತು. ಗಣಿತದ ಮೇಷ್ಟರಾದ ಅವರ ಯಜಮಾನರು ಒಮ್ಮೆ ಊಟದ ಡಬ್ಬಿ ಕೊಡಲು ಬಂದವರು ನಮ್ಮ ಮುಂದೆ, "ಮನೇಲಿ ನಾನು ಒಂದು ವಾಕ್ಯ ಪೂರ್ತಿ ಮುಗಿಸಿ ಎಷ್ಟು ವರ್ಷ ಆಯ್ತೋ ಗೊತ್ತಿಲ್ಲ ಕಣ್ರಪ್ಪ" ಎಂದು ನಿಟ್ಟುಸಿರು ಬಿಟ್ಟಿದ್ದರು.

ನಾನು ಅವರ ವಿದ್ಯಾರ್ಥಿ. ನನ್ನ ಮೊದಲ ಸಮ್ಮೇಳನದಲ್ಲಿ ವೇದಿಕೆ ಹತ್ತಿದವನಿಗೆ ಬಾಯಿ ಒಣಗಿ, ಬಾಯಿಪಾಠ ಮಾಡಿದ್ದೆಲ್ಲ ಆವಿಯಾಗಿ, ಕಂಬದಂತೆ ನಿಂತುಬಿಟ್ಟೆ. ಸಭೆಯಲ್ಲಿ ಕೆಮ್ಮು ಶುರುವಾಯಿತು. ಆಗ ಮುಂದಿನ ಸಾಲಿನಿಂದ ಮೇಡಂ ಕೈ ಎತ್ತಿ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರ ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಉತ್ತರ ಹೇಳುತ್ತ ಹೇಳುತ್ತ ನಾನು ಇಡೀ ಪ್ರಬಂಧವನ್ನೇ ಹೇಳಿ ಮುಗಿಸಿದೆ. ಆಮೇಲೆ ಮೊಗಸಾಲೆಯಲ್ಲಿ ನನ್ನನ್ನು ನಿಲ್ಲಿಸಿ, ಸರಿಯಾಗಿ ಅಭ್ಯಾಸ ಮಾಡಿಕೊಂಡು ಬರಲಿಲ್ಲವೆಂದು ಕಿವಿ ಹಿಂಡಿದರು. ನಾನು ಇಲ್ಲೇ ಅಧ್ಯಾಪಕನಾದ ಮೇಲೆ, ನನ್ನ ತಂದೆ ಹಾಸಿಗೆ ಹಿಡಿದ ತಿಂಗಳುಗಳಲ್ಲಿ ನನ್ನ ತರಗತಿಗಳನ್ನೆಲ್ಲ ತಾವೇ ತೆಗೆದುಕೊಂಡು, ಅದನ್ನು ಯಾರ ಬಳಿಯೂ ಆಡಲಿಲ್ಲ. ಇಂಥವನ್ನು ಬರೆಯಹೊರಟರೆ ಸಂಪುಟ ಸಾಲದು. ನಾನು ಬರೆಯಲೇಬೇಕಾದದ್ದು ಬೇರೆಯದಿದೆ.

ನಮ್ಮ ಪಕ್ಕದ ರಸ್ತೆಯಲ್ಲಿ ದೊಡ್ಡ ಆಸ್ಪತ್ರೆಯೊಂದಿದೆ. ಅಲ್ಲಿನ ತುರ್ತು ವಿಭಾಗದ ಹೊರಗೆ ಯಾವಾಗಲೂ ಜನ. ಬೆಂಚುಗಳ ಮೇಲೆ, ಗೋಡೆಯ ಬುಡದಲ್ಲಿ, ಮೆಟ್ಟಿಲ ಮೇಲೆ. ಯಾರನ್ನು ಮೊದಲು ಒಳಗೆ ಕರೆಯಬೇಕು, ಯಾರು ಸ್ವಲ್ಪ ಕಾಯಬಹುದು ಎಂದು ಹೇಳುವ ಯಂತ್ರವೊಂದನ್ನು ಮೇಡಂ ಮತ್ತು ಅವರ ತಂಡ ರೂಪಿಸಿತು. ಹಿಂದಿನ ವರ್ಷಗಳ ರೋಗಿಗಳ ದಾಖಲೆಗಳನ್ನು ಓದಿ ಅದು ತಾನೇ ಕಲಿಯಬೇಕಿತ್ತು. ಕಲಿಯಿತು. ಪರೀಕ್ಷೆಗಳಲ್ಲಿ ಎಲ್ಲರೂ ಹುಬ್ಬೇರಿಸುವಷ್ಟು ಸರಿಯಾಗಿ ಹೇಳಿತು. ಆಸ್ಪತ್ರೆಯವರು ಅದನ್ನು ಬಾಗಿಲಲ್ಲೇ ಕೂರಿಸಿದರು; ಆ ವರ್ಷದ ಸಮ್ಮೇಳನದ ಉತ್ತಮ ಪ್ರಬಂಧವೆಂಬ ಗೌರವಕ್ಕೂ ಅದರ ಬಗ್ಗೆ ಬರೆದ ಪ್ರಬಂಧವೇ ಆಯ್ಕೆಯಾಯಿತು.

ಸಮ್ಮೇಳನ ಇನ್ನೇನು ಬಂತು ಎನ್ನುವಾಗ ಫ್ಯೂಸಣ್ಣನ ಹೆಂಡತಿ ತೀರಿಕೊಂಡರು. ಉಸಿರು ಕಟ್ಟುತ್ತಿದೆಯೆಂದು ಆತ ಅವರನ್ನು ಅದೇ ಆಸ್ಪತ್ರೆಗೆ ಕರೆದೊಯ್ದಿದ್ದ. ಯಂತ್ರ ಅವರಿಗೆ ಕಾಯಲು ಹೇಳಿತ್ತು. ಅವರು ಬೆಂಚಿನ ಮೇಲೆ ಕಾಯುತ್ತಲೇ ಪ್ರಾಣ ಬಿಟ್ಟರು.

ಇಂಥ ಸುದ್ದಿ ಕೇಳಿ ಅಯ್ಯೋ ಎನ್ನುವುದು ಎಲ್ಲರಿಗೂ ಬರುತ್ತದೆ. ಮೇಡಂ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು, ಆ ತಾಯಿಯ ವಿಷಯದಲ್ಲಿ ಯಂತ್ರ ಏಕೆ ತಪ್ಪಿತೆಂದು ಹುಡುಕಲು ಕುಳಿತರು. ಯಂತ್ರಕ್ಕೆ ಕಲಿಸಲು ಆಸ್ಪತ್ರೆಯಿಂದ ಹೊಸದಾಗಿ ಬಂದ ದಾಖಲೆಗಳಲ್ಲಿ ಆಕೆಯ ಸಾಲು ಇತ್ತು. ನಮ್ಮಲ್ಲಿ ಶುಚಿ ಮಾಡಿದ ಮೇಲೆ ಇರಲಿಲ್ಲ. ದಾಖಲೆಗಳಲ್ಲಿ ಅರೆಬರೆ ತುಂಬಿದ ಸಾಲುಗಳನ್ನು ತೆಗೆದುಹಾಕುವುದು ನಮ್ಮ ಕಸುಬಿನಲ್ಲಿ ಕಾಳಿನಿಂದ ಕಲ್ಲು ಆರಿಸಿದಷ್ಟೇ ಸಹಜ. ಮೊದಲಿನಿಂದಲೂ ಅದನ್ನು ಮೇಡಂ ತಾವೇ ಮಾಡುತ್ತಿದ್ದರು. ಆಕೆಯ ಸಾಲಿನಲ್ಲಿ ಮನೆಗೆ ಹೋದ ದಿನಾಂಕದ ಜಾಗ ಖಾಲಿಯಿತ್ತು. ಆಕೆ ಮನೆಗೆ ಹೋಗಿರಲಿಲ್ಲವಲ್ಲ. ಮೇಡಂ ತಾವು ಹಿಂದೆ ತೆಗೆದುಹಾಕಿದ್ದ ಸಾಲುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದರು. ಹೆಚ್ಚುಕಡಿಮೆ ಎಲ್ಲರೂ ಸತ್ತವರು. ಯಂತ್ರ ಕಲಿತದ್ದು ಬದುಕಿ ಮನೆಗೆ ಹೋದವರಿಂದ ಮಾತ್ರ. ಉಸಿರುಗಟ್ಟಿ ಬಂದವರೆಲ್ಲ ಕೊನೆಗೆ ಮನೆಗೇ ಹೋಗುತ್ತಾರೆಂದು ಅದು ನಂಬಿತ್ತು. ಪರೀಕ್ಷೆ ಮಾಡಿದ್ದೂ ಅದೇ ಶುಚಿ ಮಾಡಿದ ದಾಖಲೆಗಳ ಮೇಲೆ, ಹಾಗಾಗಿ ಅದು ಎಂದೂ ತಪ್ಪಿರಲಿಲ್ಲ.

ಅವತ್ತೇ ಆಸ್ಪತ್ರೆಗೆ ಹೋಗಿ ಯಂತ್ರವನ್ನು ನಿಲ್ಲಿಸಿದರು. ನಮ್ಮ ಸಂಸ್ಥೆಯ ನಿರ್ದೇಶಕರು ಅವರನ್ನು ಕರೆಸಿಕೊಂಡಾಗ ನಾನೂ ಜೊತೆಗಿದ್ದೆ. "ಯಾರೂ ಯಂತ್ರದ ಕಡೆ ಬೆರಳು ತೋರಿಸಿಲ್ಲ ಮೇಡಂ. ನೀವ್ಯಾಕೆ ಮೈಮೇಲೆ ಎಳ್ಕೋತೀರಿ? ಪ್ರಶಸ್ತಿ ತಗೊಳ್ಳಿ. ಆಮೇಲೆ ಸದ್ದಿಲ್ಲದೆ ಸರಿ ಮಾಡೋಣ" ಎಂದರು ನಿರ್ದೇಶಕರು. ಮೇಡಂ, "ಸರಿ ಮಾಡೋಕೆ ಆ ಹೆಣ್ಮಗಳು ಎಲ್ಲಿದ್ದಾಳೆ ಸರ್?" ಎಂದು ಕೇಳಿ ಎದ್ದುಬಂದರು.

ಅಲ್ಲಿಂದ ನೇರ ಫ್ಯೂಸಣ್ಣನ ಮನೆಗೆ. ಎರಡು ಕೋಣೆಯ ಮನೆ. ಹಗ್ಗದ ಮೇಲೆ ಆಕೆಯ ಬಟ್ಟೆಗಳು ಇನ್ನೂ ಹಾಗೇ ಇದ್ದವು. ಮೇಡಂ ಕೂರಲಿಲ್ಲ. ನಡೆದದ್ದನ್ನು, ಒಂದು ಪದವನ್ನೂ ಮೆತ್ತಗೆ ಮಾಡದೆ, ಹೇಳಿದರು. ಆತ ಕೇಳಿದ: "ಅಂದ್ರೆ, ಆ ಮಿಷನ್ನು ಸತ್ತೋರನ್ನ ನೋಡೇ ಇರ್ಲಿಲ್ವಾ?"

"ಇಲ್ಲ ಅಣ್ಣ. ನಾನೇ ತೆಗೆದುಹಾಕಿದ್ದೆ."

"ಉಸಿರಾಡೋಕೆ ಆಗ್ತಿಲ್ಲ, ಒಳಗೆ ಹೋಗಿ ಹೇಳಿ ಅಂತ ನನ್ನ ಕೈ ಹಿಡ್ಕೊಂಡಿದ್ಲು. ನಾನೇ ಹೇಳ್ದೆ, ಸುಮ್ನಿರು, ನಮ್ ಮೇಡಂ ಮಾಡಿರೋ ಮಿಷನ್ನು, ಸರಿಯಾಗೇ ಹೇಳಿರುತ್ತೆ ಅಂತ." ಆಮೇಲೆ ಆತನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾರೆ. ಅಷ್ಟು ವರ್ಷ ಬಹುವಚನ ಬಿಟ್ಟು ಮಾತಾಡದಿದ್ದವನು ಮೇಡಂ ಅವರನ್ನು ಹೋಗೇ, ಬಾರೇ ಎಂದು ಬೈದ, ಬೀದಿಗೆಲ್ಲ ಕೇಳುವಂತೆ ಬೈದ, ಬೈಯುತ್ತ ಅತ್ತ. ಅವರು ತಲೆ ತಗ್ಗಿಸದೆ, ಕಣ್ಣೀರನ್ನು ಒರೆಸಿಕೊಳ್ಳದೆ, ಆತ ಸಾಕೆನ್ನುವವರೆಗೆ ನಿಂತು ಅಷ್ಟನ್ನೂ ಕೇಳಿಸಿಕೊಂಡರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸುತ್ತಿತ್ತು.

ಸಮ್ಮೇಳನದಲ್ಲಿ ಪ್ರಶಸ್ತಿ ತೆಗೆದುಕೊಳ್ಳಲು ಕರೆದಾಗ ಅವರು ವೇದಿಕೆ ಹತ್ತಿ ಇದನ್ನೇ ಹೇಳಿದರು, ಪ್ರಬಂಧವನ್ನು ಹಿಂತೆಗೆದುಕೊಂಡರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರಿಗಿದ್ದ ವಿಭಾಗದ ಮುಖ್ಯಸ್ಥೆಯ ಸ್ಥಾನ ಹೋಯಿತು; ಜೊತೆಯಲ್ಲಿ ದುಡಿದವರು ಮೊಗಸಾಲೆಯಲ್ಲಿ ಎದುರಾದರೆ ಮುಖ ತಿರುಗಿಸಿದರು; ಫ್ಯೂಸಣ್ಣ ಬಂದು ದೀಪ ಹಾಕಿ, ಅವರ ಕಡೆ ನೋಡದೆ ಹೋಗುತ್ತಿದ್ದ. ಅವರು ರಜೆ ಹಾಕಲಿಲ್ಲ. ಮರುವರ್ಷದ ತರಬೇತಿಯ ಮೊದಲ ಗಂಟೆಯನ್ನು ಹಟ ಹಿಡಿದು ಕೇಳಿ ಪಡೆದರು.

ಆ ಗಂಟೆ ಹೀಗೆ ನಡೆಯುತ್ತಿತ್ತು. ಬಂದವರಿಗೆಲ್ಲ ರೋಗಿಗಳ ಹೆಸರು ತೆಗೆದ ದಾಖಲೆಗಳನ್ನು ಕೊಟ್ಟು, "ಶುಚಿ ಮಾಡಿ" ಎನ್ನುತ್ತಿದ್ದರು, ಅಷ್ಟೇ. ಎಲ್ಲರೂ ಖಾಲಿ ಜಾಗವಿದ್ದ ಸಾಲುಗಳನ್ನು ಪಟಪಟನೆ ಅಳಿಸುತ್ತಿದ್ದರು. ಬೇಗ ಮುಗಿಸಿದವರು ಬೀಗುತ್ತಿದ್ದರು. ಆಮೇಲೆ ಪ್ರತಿಯೊಬ್ಬರೂ ತಾವು ಅಳಿಸಿದ ಸಾಲುಗಳನ್ನು ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಅರವತ್ತು ವರ್ಷದ ಗಂಡಸು, ಎದೆನೋವು. ಎಳೆ ಬಾಣಂತಿ, ರಕ್ತಸ್ರಾವ. ನಾಲ್ಕು ವರ್ಷದ ಮಗು, ಜ್ವರ. "ಇವರು ಯಾಕೆ ಮನೆಗೆ ಹೋಗ್ಲಿಲ್ಲ, ಹೇಳಿ?" ಎಂದು ಮೇಡಂ ಕೇಳುತ್ತಿದ್ದರು. ಓದುತ್ತಿದ್ದವರ ದನಿ ಅಲ್ಲಿಗೆ ಬಿದ್ದುಹೋಗುತ್ತಿತ್ತು. ಒಂದು ವರ್ಷ ಈ ಪಾಠದ ನಡುವೆ ಫ್ಯೂಸಣ್ಣ ಒಳಗೆ ಬಂದು ಸ್ವಿಚ್ಚುಗಳ ಬಳಿ ನಿಂತ. ಎಲ್ಲ ಮುಗಿದ ಮೇಲೆ, "ಪ್ರೊಜೆಕ್ಟರ್ ವೈರ್ ಸಡಿಲ ಆಗಿದೆ ಮೇಡಂ, ಕಾಲಿಟ್ಟೀರಿ, ಹುಷಾರು" ಎಂದ. ಆತ ಮತ್ತೆ ಆಡಿದ ಆ ಮೊದಲ ಮಾತಿಗೆ ಮೇಡಂ ಸ್ಟಾಫ್ ರೂಮಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತರು. ಅಂದಿನಿಂದ ಆತ ಒಂದು ವರ್ಷವೂ ಆ ಗಂಟೆ ತಪ್ಪಿಸಿದವನಲ್ಲ.

ಈ ಗಂಟೆಯನ್ನೇ ಕೈಬಿಡಬೇಕೆಂದು ಈ ಸಲದ ಸಮಿತಿ ಹೇಳಿತು. ಶುಭಾರಂಭದ ದಿನವೇ ಸಾವಿನ ಮಾತು ಯಾಕೆ ಎಂದರು ಕೆಲವರು. ಈಗ ಇಂಥ ಕೆಲಸವನ್ನು ಯಾರೂ ಕೈಯಿಂದ ಮಾಡುವುದಿಲ್ಲ ಎಂದರು ಉಪನಿರ್ದೇಶಕರು. ನಾನು ಹೊಡೆದಾಡಿದೆ. ಕೊನೆಗೆ ನನ್ನ ಸ್ವಾಗತ ಭಾಷಣದಲ್ಲಿ ಆ ಕಥೆ ಹೇಳಿಬಿಡುತ್ತೇನೆಂದು ಮೇಡಂ ಅವರಿಗೆ ತಿಳಿಸಿದರೆ, ಅವರು ನನ್ನ ಮೇಲೆಯೇ ರೇಗಿದರು: "ಬೇಡ. ಭಾಷಣದಲ್ಲಿ ಹೇಳಿದ್ರೆ ಅದು ಬರೀ ಕಥೆ ಆಗುತ್ತೆ. ಕಣ್ಣೊರೆಸಿಕೊಂಡು ಟೀ ಕುಡಿಯೋಕೆ ಹೋಗ್ತಾರೆ. ಅವರ ಕೈಯಾರೆ ಅವರೇ ಅಳಿಸ್ಬೇಕು ಕಣಯ್ಯ."

ಜಗಳ ಬಗೆಹರಿಯದೆ, ಒಮ್ಮೆ ಮಾಡಿ ನೋಡೋಣವೆಂದು ಸಮಿತಿ ಒಪ್ಪಿತು. ಹೋದ ವಾರ ನಮ್ಮಲ್ಲಿನ ಹೊಸ ಅಧ್ಯಾಪಕರನ್ನು ಕೂರಿಸಿ, ಈ ವರ್ಷ ತರಬೇತಿಯಲ್ಲಿ ಬಳಸಲಿರುವ ಹೊಸ ತಂತ್ರಾಂಶದಲ್ಲಿ ಅದೇ ದಾಖಲೆಗಳನ್ನು ಕೊಟ್ಟೆವು. ಎಲ್ಲರೂ ಕಡತ ತೆರೆದರು. 'ಮಾಹಿತಿ ಸಿದ್ಧವಾಗಿದೆ' ಎಂದು ಎಲ್ಲ ಪರದೆಗಳ ಮೇಲೂ ಮೂಡಿತು.

"ಯಾರ್ಯಾರು ಯಾವ ಸಾಲು ತೆಗೆದ್ರಿ? ಎದ್ದು ನಿಂತು ಓದಿ" ಎಂದರು ಮೇಡಂ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾವೇನೂ ತೆಗೆದಿಲ್ಲ ಮೇಡಂ. ತೆರೆದಾಗ್ಲೇ ಹೀಗಿತ್ತು" ಎಂದಳು ಒಬ್ಬ ಅಧ್ಯಾಪಕಿ. ಅವಳು ಸುಳ್ಳು ಹೇಳಲಿಲ್ಲ. ಕಡತ ತೆರೆಯುವಾಗಲೇ ತಂತ್ರಾಂಶ ಖಾಲಿ ಜಾಗವಿದ್ದ ಸಾಲುಗಳನ್ನು ತಾನೇ ತೆಗೆದುಹಾಕಿತ್ತು. ಸತ್ತವರು ಹೋಗಿದ್ದರು, ಅಳಿಸಿದವರು ಯಾರೂ ಇರಲಿಲ್ಲ. ಓದಲು ಒಬ್ಬರ ಬಳಿಯೂ ಏನೂ ಇರಲಿಲ್ಲ. "ನೋಡಿದ್ರಾ? ಆ ತಪ್ಪು ಮಾಡೋಕೆ ಈಗ ಯಾರಿಗೂ ಅವಕಾಶವೇ ಇಲ್ಲ" ಎಂದು ಉಪನಿರ್ದೇಶಕರು ನಕ್ಕರು. ಅದು ಹೇಗೆ ನಗು ಬಂತೋ ಅವರಿಗೆ. ಆ ಗಂಟೆಯನ್ನು ಕಾರ್ಯಕ್ರಮದಿಂದ ತೆಗೆಯಲಾಗಿದೆ. ನಾನು ಸೋತೆ.

ಎಲ್ಲರೂ ಹೋದ ಮೇಲೆ ಫ್ಯೂಸಣ್ಣ ಮೊಗಸಾಲೆಯಲ್ಲಿ ಮೇಡಂ ಅವರಿಗಾಗಿ ಕಾಯುತ್ತಿದ್ದ. ಆತನ ತಲೆ ಪೂರ್ತಿ ನೆರೆತಿದೆ. ಆತನಿಗೂ ನಿವೃತ್ತಿ ದೂರವಿಲ್ಲ. "ಅವಳು ಹೋದಾಗ ಬೈಯೋಕೆ ನೀವಿದ್ರಿ ಮೇಡಂ" ಎಂದ. "ನನ್ನ ಮನೆವರೆಗೂ ಬಂದ್ರಿ, ನಿಂತ್ಕೊಂಡ್ರಿ, ಬೈದೆ. ಬೈದಿದ್ದಕ್ಕೇ ಬದುಕ್ಕೊಂಡೆ ನಾನು. ಇನ್ಮುಂದೆ ಹೋಗೋರ ಮನೆಯವ್ರು ಯಾರನ್ನ ಬೈಬೇಕು?"

ಮೇಡಂ ಗೋಡೆಗೆ ಒರಗಿ ನಿಂತರು. ಎರಡು ದಿನ ಬಿಟ್ಟು ನನ್ನ ಕೋಣೆಗೆ ಬಂದು, ತಮಗೆ ಸನ್ಮಾನ, ಹಾರ ಏನೂ ಬೇಡವೆಂದೂ, ಸಮ್ಮೇಳನದ ಅಷ್ಟೂ ಗೋಷ್ಠಿಗಳಲ್ಲಿ ಕೂರಲು ಸಭೆಯ ನಡುವೆ ಒಂದು ಕುರ್ಚಿ ಸಾಕೆಂದೂ ಹೇಳಿದರು. ಪ್ರಬಂಧ ಓದಿದ ಪ್ರತಿಯೊಬ್ಬರಿಗೂ ಎದ್ದು ನಿಂತು ಫ್ಯೂಸಣ್ಣನ ಪ್ರಶ್ನೆಯನ್ನೇ ಕೇಳುತ್ತಾರಂತೆ. ಪ್ರಶ್ನೆ ಉದ್ದವಾದರೆ ತಡೆಯುವ ಅಧಿಕಾರ ಸಂಚಾಲಕನಾದ ನನ್ನದು. ಅದನ್ನು ನಾನು ಬಳಸುವುದಿಲ್ಲ.

ನಿವೃತ್ತರಾಗುವ ಹಿರಿಯರಿಗೆ ನೆಮ್ಮದಿಯನ್ನೂ ವಿಶ್ರಾಂತಿಯನ್ನೂ ಹಾರೈಸುವುದು ವಾಡಿಕೆ. ಅವರ ಯಜಮಾನರ ಕ್ಷಮೆ ಕೇಳಿ, ಆ ಎರಡನ್ನೂ ನಾನು ಹಾರೈಸುತ್ತಿಲ್ಲ. ನಮ್ಮ ಮೇಡಂ ಅವರಿಗೆ ದೀರ್ಘವಾದ ಆಯುಷ್ಯ ಸಿಗಲಿ, ಮಂಡಿಯಲ್ಲಿ ಎದ್ದು ನಿಲ್ಲುವ ಬಲವಿರಲಿ, ಗಂಟಲು ಕೊನೆಯ ಸಾಲಿಗೂ ಕೇಳುವಷ್ಟು ಗಟ್ಟಿಯಿರಲಿ. ಅವರು ಕೇಳುವ ಪ್ರಶ್ನೆಗೆ, ನನ್ನನ್ನು ಬೈಯಿರಿ ಎಂದು ಎದ್ದು ನಿಂತು ಹೇಳುವವರು ಒಬ್ಬರಾದರೂ ಸಿಗುವವರೆಗೆ ಅವರು ನಮ್ಮ ನಡುವೆ ಇರಲಿ.